ಅವಳಷ್ಟೇ ಎತ್ತರ

ಭಾನುವಾರ, ಮಾರ್ಚ್ ೯

ಪ್ರೀತಿಯ ಗುಂಡಕ್ಕ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೇನೆ. ಬೈಯುವುದಿದ್ದರೆ ಮೊದಲು ಬೈದುಬಿಡು, ಆಮೇಲೆ ಮುಂದೆ ಓದು. ನಿನ್ನ ಮೊಣಕಾಲು ಹೇಗಿದೆ? ನನ್ನದು ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಾಲಿಗೆ ಮಾತ್ರ ನಮ್ಮ ಸ್ಟಾಫ್ ರೂಮಿನಲ್ಲಿದ್ದಾಗಿನಷ್ಟೇ ಚುರುಕಾಗಿದೆ.

ತಡವಾದದ್ದಕ್ಕೆ ಕಾರಣವಿದೆ. ರಿಟೈರಾದ ಮೇಲೂ ಮತ್ತೆ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಯಾರಿಗೆ ಗೊತ್ತೇನು? ನನ್ನ ಅಳಿಯನ ಹೊಸ ಹೆಂಡತಿಗೆ. ನನ್ನ ಮಗಳು ತೀರಿಕೊಂಡಾಗ ಮೊಮ್ಮಗಳಿನ್ನೂ ತೊಟ್ಟಿಲಲ್ಲಿದ್ದಳು. ಮಗುವಿಗೊಂದು ಆಸರೆ ಬೇಕಲ್ಲ ಎಂದು ಈ ಮದುವೆಗೆ ನಾನೇ ಒಪ್ಪಿದ್ದೆ. ಹುಡುಗಿ ನರ್ಸು. ಸಮುದ್ರದಾಚೆಯ ಆಸ್ಪತ್ರೆಯಲ್ಲಿ ಕೆಲಸ ಸಿಗಬೇಕಾದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಪಾಸಾದರೆ ಗಂಡ, ಹೆಂಡತಿ, ಮಗು ಮೂವರೂ ಹೊರಟುಹೋಗುತ್ತಾರೆ. ಫೇಲಾದರೆ ಮಗು ಎದುರುಮನೆಯಲ್ಲೇ ಇರುತ್ತದೆ.

ಉಳಿದದ್ದೆಲ್ಲ ಸಲೀಸಾಗಿ ಕಲಿತಳು. ಎಡವಿದ್ದು ಇಬ್ಬರನ್ನು ಸರಿಸಮ ಎಂದು ಹೋಲಿಸುವ ಪಾಠದಲ್ಲಿ. 'ಆಸ್ ಟಾಲ್ ಆಸ್' ಎನ್ನಬೇಕಾದಲ್ಲಿ ಮೊದಲ 'ಆಸ್' ನುಂಗಿಬಿಡುತ್ತಿದ್ದಳು.

"ನಮ್ಮಲ್ಲಿ ಒಂದ್ಸಲ 'ಅಷ್ಟೇ' ಅಂದ್ರೆ ಸಾಕು. ಇವರಿಗ್ಯಾಕಮ್ಮ ಎರಡು ಬೇಕು?"

"ತಕ್ಕಡಿಗೆ ಎರಡು ತಟ್ಟೆ ಯಾಕೆ ಬೇಕೋ ಅದಕ್ಕೇ," ಎಂದೆ.

ಮನೆಯವರನ್ನೇ ಹೋಲಿಸಿ ವಾಕ್ಯ ಮಾಡಿಸುವುದು ನನ್ನ ಹಳೇ ಪದ್ಧತಿ, ನಿನಗೆ ಗೊತ್ತಲ್ಲ. ಅವಳು ಗೋಡೆಯ ಮೇಲಿನ ನನ್ನ ಮಗಳ ಫೋಟೋ ನೋಡಿಕೊಂಡೇ ವಾಕ್ಯ ಕಟ್ಟತೊಡಗಿದಳು. ನಾನು ಅಕ್ಕನಷ್ಟೇ ಎತ್ತರ. ನಾನು ಅಕ್ಕನಷ್ಟು ಚೆನ್ನಾಗಿ ಹಾಡುವುದಿಲ್ಲ. ನನ್ನ ಅಡುಗೆ ಅಕ್ಕನ ಅಡುಗೆಯಷ್ಟು ರುಚಿಯಲ್ಲ. ಎತ್ತರ ಒಂದು ಬಿಟ್ಟರೆ ಎಲ್ಲದರಲ್ಲೂ ತಾನೇ ಕಡಿಮೆ.

"ನೀನು ಅವಳ ಅಡುಗೆ ಉಂಡಿದ್ದೀಯೇನೇ?" ಎಂದು ಗದರಿದೆ.

"ಇಲ್ಲಮ್ಮ. ಎಲ್ಲರೂ ಹಾಗೇ ಅಂತಾರೆ."

ಅಯ್ಯೋ ಪಾಪ ಅನಿಸಿತು. ನಿಜ ಹೇಳುತ್ತೇನೆ, ಒಳಗೊಳಗೇ ಖುಷಿಯೂ ಆಯಿತು. ನನ್ನ ಮಗಳು ಅಡುಗೆಗೆ ಉಪ್ಪು ಹಾಕುವುದನ್ನೇ ಮರೆಯುತ್ತಿದ್ದವಳು. ಅದನ್ನು ಹೇಳಲಿಲ್ಲ.

ತಪ್ಪು ಕಲಿಸಿದ್ದರೆ ಮಗು ಇಲ್ಲೇ ಉಳಿಯುತ್ತಿತ್ತು. ಆ ಯೋಚನೆ ಬರಲೇ ಇಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಆದರೆ ಕೆಂಪು ಪೆನ್ನು ಹಿಡಿದ ಕೈ ಕೇಳಬೇಕಲ್ಲ. ಎರಡೂ 'ಆಸ್' ಬಾಯಿಗೆ ಬರುವವರೆಗೂ ತಿದ್ದಿದೆ. ನಿನ್ನೆ ಫಲಿತಾಂಶ ಬಂತು, ಪಾಸು. ಓಡಿಬಂದು ನನ್ನನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ, ಇಬ್ಬರ ಅಳುವೂ ಒಂದೇ ಅಲ್ಲ. ಮುಂದಿನ ತಿಂಗಳು ಹೊರಡುತ್ತಾರೆ. ಮಗುವಿನ ಸ್ವೆಟರಿಗೆ ತೋಳು ಹೆಣೆಯುವುದು ಬಾಕಿಯಿದೆ. ಸ್ವಲ್ಪ ಉದ್ದವಾಗಿಯೇ ಹೆಣೆಯುತ್ತೇನೆ, ಅಲ್ಲಿ ಬೆಳೆಯುತ್ತಾಳಲ್ಲ.

ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ನಿನ್ನ ಮಕ್ಕಳು ಮೊಮ್ಮಕ್ಕಳೆಲ್ಲ ತಣ್ಣಗಿರಲಿ, ನಿನ್ನ ಕಣ್ಣೆದುರಿಗೇ ಇರಲಿ.

ಇತಿ ನಿನ್ನ
ಮೆಣಸಿನಕಾಯಿ

ತಾ.ಕ.: ಪಾಠದ ಹೊತ್ತಿಗೆ ಮಗು ನಮ್ಮ ಪಕ್ಕದಲ್ಲೇ ಆಡಿಕೊಂಡಿರುತ್ತಿತ್ತು. ನಿನ್ನೆ ಅವರಮ್ಮ ಕಣ್ಣೊರೆಸಿಕೊಂಡು ಮನೆಗೆ ಹೋದ ಮೇಲೆ, ಗೋಡೆಯ ಫೋಟೋ ಕಡೆ ಬೆರಳು ತೋರಿಸಿ ಕೇಳಿತು, "ಅಜ್ಜಿ, ಆ ಅಮ್ಮನೂ ನಮ್ಮಮ್ಮನಷ್ಟೇ ಒಳ್ಳೆಯವಳಾಗಿದ್ಲಾ?" ಇಷ್ಟು ದಿನ ನಾವೆಲ್ಲ ನನ್ನ ಮಗಳ ಪಕ್ಕ ಇವಳನ್ನು ನಿಲ್ಲಿಸಿ ಅಳೆಯುತ್ತಿದ್ದೆವು, ಗುಂಡಕ್ಕ.

"ಹೂಂ ಕಂದ, ಅವಳಷ್ಟೇ," ಎಂದೆ.