ಸೀಟಿ ಕೇಳಿ ಓಡಿದವನು

ತಂಗಿ ನೀಲಾಂಬಿಕಾಗೆ ಚಂಡೀಗಢದಿಂದ ಅಣ್ಣನ ಆಶೀರ್ವಾದ.

ಇಂದು ರವಿವಾರ, ನನ್ನ ಹೆಂಡತಿಯೊಡನೆ ಇಲ್ಲಿನ ಬಾಗಿಗೆ, ಹೂದೋಟಕ್ಕೆ, ಹೋಗಿದ್ದೆ. ಕಾವಲುಗಾರ ಸೀಟಿ ಊದಿದ. ಐವತ್ನಾಲ್ಕು ವರ್ಷದ ನಾನು ಅವಳನ್ನು ಜೋಕಾಲಿಯಲ್ಲೇ ಬಿಟ್ಟು ಗೇಟಿನಾಚೆ ಓಡಿದೆ. ಅವನು ಊದಿದ್ದು ನಾಯಿಯನ್ನು ಓಡಿಸಲು.

"ಹಿಂಗ ಓಡೂದು ಎಲ್ಲಿ ಕಲ್ತೀರಿ?" ಎಂದಳು ನಿನ್ನ ವೈನಿ.

ಅಪ್ಪ ಪ್ರತಿ ರವಿವಾರ ನಮ್ಮನ್ನು ಕರೆದೊಯ್ಯುತ್ತಿದ್ದ ಸೊಲ್ಲಾಪುರದ ಬಾಗಿನಲ್ಲಿ ಕಲಿತದ್ದು. ಅಲ್ಲಿ ಒಂದು ರವಿವಾರ ಅಪ್ಪ ಚುರುಮುರಿಯ ಭೇಳ ತರಲು ಹೋದಾಗ ಗುಲಾಬಿ ಕಿತ್ತವನು ನಾನೇ. ಸೀಟಿ ಕೇಳಿದ್ದೇ ಹೂವನ್ನು ನಿನ್ನ ಕೈಗಿಟ್ಟು ಓಡಿದ್ದೆ. ಕಾವಲುಗಾರನ ಏಟು ನಿನಗೆ ಬಿತ್ತು. ನಿನ್ನ ಪಾಲಿನ ಭೇಳವನ್ನೂ ನಾನೇ ತಿಂದೆ. ನಲವತ್ತೈದು ವರ್ಷ ಇದನ್ನು ಹೇಳದೆ ಇದ್ದೆ.

ಇಂದಿನ ಓಟದಲ್ಲಿ ಕಾಲು ಉಳುಕಿದೆ, ಹದಿನೈದು ದಿನ ಓಡುವಂತಿಲ್ಲ. ಅಷ್ಟರೊಳಗೆ ಮೈಂದರ್ಗಿಯ ನಿನ್ನ ಮನೆಗೆ ಬರುತ್ತೇನೆ, ನನ್ನ ಕಿವಿ ಹಿಂಡು.

ಅವಸರದಲ್ಲಿ,
ಯೋಗಿರಾಜ