ಬೋನಿನ ಹಲ್ಲು

ಮಾರ್ಚ್ ೨, ಬೆಳಿಗ್ಗೆ ೭

ಮೇಷ್ಟ್ರ ಮನೆಯ ಎರಡು ಕಿಟಕಿ ಗ್ರಿಲ್ ಇವತ್ತು ಮುಗಿಸಬೇಕು. ಪ್ರೈಮರ್ ಇನ್ನೂ ಒಣಗಿಲ್ಲ. ಅಕ್ಕನಿಗೆ ಹಾಲು ಕುಡಿಸಿದೆ. ಸ್ಟ್ರಾ, ಬಲಗಡೆಯ ಹಲ್ಲಿನ ಸಂದಿಯಿಂದ. ಅರ್ಧ ಲೋಟಕ್ಕೆ ಮುಕ್ಕಾಲು ಗಂಟೆ.

ಕರಡಿ ಅವಳ ಮೇಲೆ ಎರಗಿ ಇವತ್ತಿಗೆ ಹತ್ತೊಂಬತ್ತು ದಿನ. ದವಡೆ ಎರಡು ಕಡೆ ಮುರಿದಿದೆ, ತಂತಿ ಹಾಕಿ ಬಿಗಿದಿದ್ದಾರೆ. ಎಡಗಣ್ಣು ಹೋಯಿತು. ಕೆನ್ನೆ... ಬರೆಯಲ್ಲ.

ಹದಿನಾರು ವರ್ಷ ಬಸ್ ಕಂಡಕ್ಟರ್. ‘ಮುಂದೆ ಹೋಗ್ರೀ, ಮಧ್ಯ ಖಾಲಿ ಇದೆ’ ಅಂತ ಅವಳು ಕೂಗಿದರೆ ಡ್ರೈವರ್ ಕೂಡ ಒಂದಿಷ್ಟು ಮುಂದೆ ಸರಿಯಬೇಕು, ಅಂಥ ಗಂಟಲು. ಈಗ ಟಿಕೆಟ್ ತೂತು ಹಾಕುವ ಇಕ್ಕಳದಿಂದ ಮಂಚದ ಕಂಬಿ ಬಡಿಯುತ್ತಾಳೆ. ಒಂದು ಸಲ ಬಡಿದರೆ ಬಾ. ಎರಡು ಸಲ ಬಡಿದರೆ ಹೋಗು. ಬಸ್ಸಿನ ಹಾಗೇ.

ಹಿತ್ತಲ ನಲ್ಲಿಯ ಕೆಸರಲ್ಲಿ ಹೊಸ ಹೆಜ್ಜೆ. ಮತ್ತೆ ಬಂದಿದೆ, ಉದುರಿದ ಸೀಬೆ ತಿನ್ನಲು. ಏನೂ ಆಗಿಲ್ಲವೇನೋ ಅನ್ನುವ ಹಾಗೆ! ಎಡ ಮುಂಗಾಲಲ್ಲಿ ನಾಲ್ಕೇ ಉಗುರಿನ ಗುರುತು. ಅವತ್ತಿನ ಹೆಜ್ಜೆಯಲ್ಲೂ ನಾಲ್ಕೇ. ಅದೇ. ಅದೇ ದರಿದ್ರದ್ದು.

ಟೇಪ್ ಹಿಡಿದು ಅಳೆದೆ. ಯಾಕೆ ಅಳೆದೆ ಗೊತ್ತಿಲ್ಲ. ಅಳತೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ.

ಮಾರ್ಚ್ ೪, ಮಧ್ಯಾಹ್ನ

ಫಾರೆಸ್ಟ್ ಗಾರ್ಡ್ ಬಂದಿದ್ದ. ಪಾಪದವನು, ಬೈಕ್ ಕೂಡ ಮೆಲ್ಲಗೆ ನಿಲ್ಲಿಸುತ್ತಾನೆ. ಆಫೀಸಿನ ಬೋನು ತುಕ್ಕು ಹಿಡಿದು ಹೋಗಿದೆಯಂತೆ. ಹೊಸದು ಬೇಕು. ಸುತ್ತಮುತ್ತ ವೆಲ್ಡರ್ ಅಂದರೆ ನಾನೊಬ್ಬನೇ.

“ಮಾಡಿಕೊಡ್ತೀಯಾ? ನಿನ್ನ ಹತ್ರ ಕೇಳೋಕೆ ನನಗೇ ಒಂಥರಾ...”

“ಮಾಡ್ತೀನಿ.”

“ಡ್ರಾಯಿಂಗ್ ಕೊಡ್ತೀನಿ. ಅಳತೆ ಪ್ರಕಾರವೇ ಆಗ್ಬೇಕು.”

“ಹಿಡಿದ ಮೇಲೆ ಏನ್ಮಾಡ್ತೀರಿ?”

“ದೂರದ ಕಾಡಿಗೆ ತಗೊಂಡು ಹೋಗಿ ಬಿಡ್ತೀವಿ.”

“ಬಿಡ್ತೀರಾ?”

ಅವನು ಹೆಲ್ಮೆಟ್ಟಿನ ಪಟ್ಟಿ ತಿರುಚುತ್ತಾ ನಿಂತ. “ರೂಲ್ಸ್ ಹಾಗಿದೆ. ಅದೂ ಹೊಟ್ಟೆಪಾಡಿಗೆ ಬಂದಿದ್ದು.”

ಹೊಟ್ಟೆಪಾಡು! ನಮ್ಮಕ್ಕನಿಗೆ ಸ್ಟ್ರಾದಲ್ಲಿ ಹೊಟ್ಟೆಪಾಡು. ಅದಕ್ಕೆ ಲಾರಿ ಸವಾರಿ, ಹೊಸ ಕಾಡು, ಹೊಸ ಸೀಬೆಮರ. ನಕ್ಕೆ. ಅವನೂ ನಕ್ಕ, ಯಾಕೆಂದು ತಿಳಿಯದೆ.

ಮಾರ್ಚ್ ೭

ಬೋನಿಗೆ ಎರಡಿಂಚಿನ ಆ್ಯಂಗಲ್ ಕಬ್ಬಿಣ, ಹನ್ನೆರಡು ಎಂಎಂ ರಾಡ್. ಉದ್ದ ಏಳಡಿ. ಮೇಲಿನಿಂದ ಬೀಳುವ ಬಾಗಿಲು, ನಲವತ್ತು ಕಿಲೋ. ಒಳಗಿನ ಹಲಗೆ ತುಳಿದರೆ ಕೊಕ್ಕೆ ತಪ್ಪಬೇಕು, ಬಾಗಿಲು ಬೀಳಬೇಕು. ಇಷ್ಟು ಡ್ರಾಯಿಂಗ್‌ನಲ್ಲಿದೆ.

ಡ್ರಾಯಿಂಗ್‌ನಲ್ಲಿ ಇಲ್ಲದ್ದು: ಆರು ರಾಡಿನ ತುಂಡು, ಒಂದೊಂದೂ ಐದಿಂಚು. ಗ್ರೈಂಡರಿಗೆ ಹಿಡಿದು ಮೊನೆ ಮಾಡಿದೆ. ಬಾಗಿಲ ತಳಕ್ಕೆ ಬೋಲ್ಟ್ ಹಾಕುವ ಹಾಗೆ. ಬಾಗಿಲು ಮೇಲೆ ಎತ್ತಿದಾಗ ಈ ಹಲ್ಲು ಚೌಕಟ್ಟಿನ ತಗಡಿನ ಹಿಂದೆ ಅಡಗುತ್ತವೆ. ತುಳಿಯುವ ಹಲಗೆಯನ್ನೂ ಬಾಗಿಲ ಕಡೆ ಸರಿಸುವಂತೆ ಮಾಡಿದ್ದೇನೆ. ಅದರ ಸೊಂಟ ಇನ್ನೂ ಬಾಗಿಲ ಕೆಳಗಿರುವಾಗಲೇ ಬೀಳಬೇಕು.

ತಕ್ಷಣ ಸಾಯಬಾರದು. ಲೆಕ್ಕ ಹಾಕಿಯೇ ಮಾಡಿದ್ದೇನೆ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. “ಇದೇನು ಚೂಪು ಚೂಪು?”

“ಗ್ರಿಪ್ಪಿಗೆ.”

“ಯಾರಿಗೆ ಗ್ರಿಪ್ಪು?”

ವೆಲ್ಡಿಂಗ್ ಮುಖವಾಡ ಇಳಿಸಿಕೊಂಡೆ. ಅದೊಂದು ಅನುಕೂಲ ಈ ಕಸುಬಲ್ಲಿ.

ಮಾರ್ಚ್ ೯, ಸಂಜೆ

ಅಂಗಡಿಗೆ ಹೋದರೆ ಎಲ್ಲರೂ ಜಾಗ ಬಿಡುತ್ತಾರೆ. ‘ಅಕ್ಕನಿಗೋಸ್ಕರ ಬರೀ ರಾಡ್ ಹಿಡಿದು ಕರಡಿ ಮೇಲೆ ನುಗ್ಗಿದವನು.’ ಮೇಷ್ಟ್ರು ಭುಜ ತಟ್ಟಿದರು. ಗ್ರಿಲ್ ಒಂದು ಕಡೆ ಓರೆಯಾಗಿದೆ, ಅದನ್ನೂ ಹೇಳಲಿಲ್ಲ. ತಗೊಳ್ಳಬೇಕಿದ್ದ ಸಾಮಾನು ತಗೊಳ್ಳದೆ ಬಂದುಬಿಟ್ಟೆ.

ಬೋನು ರೆಡಿ. ಹಲ್ಲು ಗೋಣಿಚೀಲದಲ್ಲಿವೆ. ಗಾರ್ಡ್ ನೋಡಿಕೊಂಡು ಹೋದ ಮೇಲೆ ಹಾಕುತ್ತೇನೆ.

ಮಾರ್ಚ್ ೧೦, ಬೆಳಿಗ್ಗೆ ೯

ಅಕ್ಕ ಒಂದು ಸಲ ಬಡಿದಳು. ಹೋದೆ. ಬಸ್ಸಿನ ಹಳೆಯ ಟ್ರಿಪ್ ಶೀಟಿನ ಹಿಂಬದಿಯಲ್ಲಿ ಬರೆದಿದ್ದಳು — ‘ಅವತ್ತು ನೀನು ಎಲ್ಲಿದ್ದೆ?’

“ಶೆಡ್ಡಲ್ಲಿ. ಹೇಳಿದ್ನಲ್ಲಕ್ಕ, ಗ್ರೈಂಡರ್ ಹಾಕಿದ್ದೆ. ಕೇಳಿಸಲಿಲ್ಲ. ಕೇಳಿಸಿದ ತಕ್ಷಣ ಓಡಿ ಬಂದೆ.”

ಗಾರ್ಡಿಗೂ ಇದೇ ಹೇಳಿದ್ದು. ಹೆಂಡತಿಗೂ ಇದೇ. ಅವಳು ಆ ವಾರ ತವರಲ್ಲಿದ್ದಳು.

ಅಕ್ಕ ಒಂದೇ ಕಣ್ಣಲ್ಲಿ ನನ್ನನ್ನು ನೋಡಿದಳು. ಪೆನ್ನು ತಗೊಂಡಳು. ನಿಧಾನ ಬರೆದಳು.

‘ಕರೆಂಟ್ ಇರಲಿಲ್ಲ.’

ಆಮೇಲೆ ಎರಡು ಸಲ ಬಡಿದಳು.

ಮಾರ್ಚ್ ೧೬

ಆರು ದಿನ ಈ ಪುಸ್ತಕ ಮುಟ್ಟಿಲ್ಲ. ಇವತ್ತು ಬರೆಯುತ್ತೇನೆ. ಯಾರೂ ಓದಲ್ಲ.

ಕರೆಂಟ್ ಇರಲಿಲ್ಲ. ಬೆಳಗಿನ ಜಾವ ಐದೂವರೆ. ಫಸ್ಟ್ ಬಸ್ಸಿನ ಡ್ಯೂಟಿ ಅವಳದ್ದು, ಮುಖ ತೊಳೆಯಲು ಟಾರ್ಚ್ ಹಿಡಿದು ನಲ್ಲಿಗೆ ಹೋದಳು. ನಾನು ಶೆಡ್ಡಲ್ಲಿ ಕರೆಂಟಿಗೆ ಕಾಯುತ್ತಾ ಕೂತಿದ್ದೆ. ಅವಳು ಕೂಗಿದ್ದು ಕೇಳಿಸಿತು. ಆ ಗಂಟಲು ಯಾರಿಗೆ ಕೇಳಿಸಲ್ಲ?

ನನ್ನ ಹೆಸರು ಹಿಡಿದೇ ಕೂಗಿದಳು.

ಹಿಂದಿನ ಶಟರ್ ಮೊಣಕಾಲಿನಷ್ಟು ಎತ್ತಿದೆ. ಬಗ್ಗಿ ನೋಡಿದೆ. ಟಾರ್ಚ್ ಬಿದ್ದಿತ್ತು, ಅದರ ಬೆಳಕಲ್ಲಿ ಕಾಣಿಸಿತು. ಹತ್ತು ಹೆಜ್ಜೆ ದೂರ. ಅದು ಅವಳ ಮೇಲೆ. ಅವಳು ನನ್ನ ಕಡೆ ಕೈ ಚಾಚಿದಳು. ಅದು ತಲೆ ಎತ್ತಿ ನೋಡಿತು, ನನ್ನನ್ನೇ.

ಶಟರ್ ಎಳೆದುಬಿಟ್ಟೆ. ಕೆಳಗಿನ ಕೊಂಡಿ ಹಾಕಿದೆ. ಕೊಂಡಿ ಹಾಕಲು ಎರಡು ಸಲ ಪ್ರಯತ್ನಿಸಬೇಕಾಯಿತು. ಅಷ್ಟು ನೆನಪಿದೆ.

ಅವಳು ಬರಲಿಲ್ಲ ಅಂತ ಡ್ರೈವರ್ ಬಸ್ಸನ್ನೇ ಮನೆವರೆಗೆ ತಂದ. ಹಾರ್ನ್ ಒತ್ತಿ ಹಿಡಿದು ಬೇಲಿ ಮುರಿದು ನುಗ್ಗಿಸಿದ. ಅದು ಓಡಿತು. ಆಮೇಲೆ ನಾನು ರಾಡ್ ಹಿಡಿದು ಹೊರಗೆ ಬಂದೆ, ಕೂಗುತ್ತಾ. ಡ್ರೈವರ್ ನೋಡಿದ್ದು ಅಷ್ಟೇ. ಊರಿಗೆ ಗೊತ್ತಿರುವುದೂ ಅಷ್ಟೇ.

ಕಂಡವರು ಮೂವರು. ನಾನು, ಅಕ್ಕ, ಅದು.

ಅದು ಬದುಕಬಾರದು.

ಮಾರ್ಚ್ ೧೭

ಗಾರ್ಡ್ ಬಂದ. ಮೂರು ಸಲ ಬಾಗಿಲು ಬೀಳಿಸಿ ನೋಡಿದ. “ಬೆಣ್ಣೆ ಹಾಗೆ ಬೀಳ್ತಿದೆ ಕಣೋ!” ಅಂದ. ಸೀಬೆಮರದ ಕೆಳಗೆ ಇಡಿಸಿದ. ಒಳಗೆ ಮಾಗಿದ ಹಣ್ಣು, ಬೆಲ್ಲದ ನೀರು. ನಾಳಿದ್ದು ಬರ್ತೀನಿ ಅಂತ ಹೋದ.

ಅವನ ಬೈಕಿನ ಸದ್ದು ತಿರುವಿನಾಚೆ ಹೋಗುವವರೆಗೆ ಕಾದೆ. ಸ್ಪಾನರ್ ತಂದೆ. ಆರು ಬೋಲ್ಟ್. ಹಲಗೆ ಸರಿಸಿದೆ.

ಇವತ್ತು ಎಲ್ಲವೂ ಮೊದಲ ಸಲಕ್ಕೇ ಕೂತವು.

ಮಾರ್ಚ್ ೧೯, ಬೆಳಿಗ್ಗೆ ೧೧

ಬಿತ್ತು.

ಆರೂಕಾಲಿಗೆ ಸದ್ದು. ಓಡಿದೆ. ಈ ಸಲ ನಿಜವಾಗಿಯೂ ಓಡಿದೆ. ನಾಲ್ಕು ಉಗುರಿನ ಕಾಲು ಕಂಬಿಯಿಂದ ಹೊರಗಿತ್ತು. ಲೆಕ್ಕ ಸರಿಯಾಗಿತ್ತು. ಸೊಂಟದ ಮೇಲೇ ಬಿದ್ದಿತ್ತು ಬಾಗಿಲು. ಹಿಂದಿನ ಕಾಲು ಎಳೆಯುತ್ತಿತ್ತು, ಎದ್ದು ಬರಲು ಆಗುತ್ತಿರಲಿಲ್ಲ. ಬಾಯಲ್ಲಿ ಇನ್ನೂ ಅರ್ಧ ಹಣ್ಣು.

ಹದಿನೈದು ದಿನ ಬೈಗುಳ ಜೋಡಿಸಿಟ್ಟಿದ್ದೆ. ಕೂತು ಕೂತು, ಒಂದೊಂದಾಗಿ. ಮುಖಕ್ಕೆ ಮುಖ ಕೊಟ್ಟು ಹೇಳಬೇಕು ಅಂತ. ಮಂಡಿಯೂರಿ ಕೂತೆ. “ನೋಡು,” ಅಂದೆ, “ನೋಡು ನನ್ನನ್ನ.” ಅದು ನೋಡಿತು. ಮರ ನೋಡಿದ ಹಾಗೆ. ಬಕೆಟ್ ನೋಡಿದ ಹಾಗೆ. ಗುರುತೇ ಇಲ್ಲ. ನನ್ನ ಮುಖ ಅದಕ್ಕೆ ನೆನಪೇ ಇಲ್ಲ. ಅವತ್ತೂ ಏನೂ ಕಂಡಿರಲಿಲ್ಲ ಅದು.

ಬೈಗುಳ ಒಂದೂ ಬರಲಿಲ್ಲ.

ಗಾರ್ಡ್ ಎಂಟಕ್ಕೆ ಬಂದ, ಪಶುವೈದ್ಯರನ್ನು ಕರಕೊಂಡು. ಡಾಕ್ಟರ್ ಟಾರ್ಚ್ ಹಾಕಿ ಬಾಗಿಲ ತಳ ನೋಡಿದರು, ಗಾರ್ಡಿಗೆ ತೋರಿಸಿದರು. ಬೆನ್ನುಮೂಳೆ ಹೋಗಿದೆ, ಉಳಿಯಲ್ಲ ಅಂದರು. ಇಂಜೆಕ್ಷನ್ ಕೊಟ್ಟರು. ಎರಡು ನಿಮಿಷ.

“ಇದು ನನ್ನ ಡ್ರಾಯಿಂಗಲ್ಲಿ ಇರಲಿಲ್ಲ,” ಅಂದ ಗಾರ್ಡ್.

“ಇರಲಿಲ್ಲ.”

“ಕೇಸ್ ಆಗುತ್ತೆ. ನಿನ್ನ ಮೇಲೂ, ನನ್ನ ಮೇಲೂ. ನಂಬಿ ಸಹಿ ಹಾಕಿದ್ದೆ ನಾನು.”

ಅಷ್ಟರಲ್ಲಿ ಬೇಲಿಯಾಚೆ ಜನ. ಯಾರೋ ಸಿಳ್ಳೆ ಹೊಡೆದರು. “ಅಕ್ಕನ ಸೇಡು ತೀರಿಸಿಕೊಂಡ ನೋಡು! ತಮ್ಮ ಅಂದ್ರೆ ಇವನು!” ಮೇಷ್ಟ್ರು ಚಪ್ಪಾಳೆ ತಟ್ಟಿದರು. ಗಾರ್ಡ್ ಹೆಲ್ಮೆಟ್ ಹಾಕಿಕೊಂಡ, ಬೈಕ್ ಹತ್ತದೆಯೇ.

ಅಕ್ಕ ಕಿಟಕಿಯಲ್ಲಿದ್ದಳು. ಎಷ್ಟು ಹೊತ್ತಿಂದಲೋ.

ಮಾರ್ಚ್ ೨೭, ಸಂಜೆ ೪

ಇವತ್ತು ಆಸ್ಪತ್ರೆಯಲ್ಲಿ ಅಕ್ಕನ ದವಡೆಯ ತಂತಿ ಬಿಚ್ಚಿದರು. ಡಾಕ್ಟರ್ “ಏನಾದ್ರೂ ಮಾತಾಡಿ ನೋಡೋಣ” ಅಂದರು. ತಲೆ ಆಡಿಸಿದಳು, ಆಮೇಲೆ ಅನ್ನುವ ಹಾಗೆ. ಔಷಧಿ ಚೀಟಿ ತಗೊಂಡೆ. ಕಾರಿಡಾರಿನ ಬೆಂಚಲ್ಲಿ ಕೂತಿದ್ದಳು. ಪಕ್ಕದಲ್ಲಿ ಕೂತೆ.

“ಅಕ್ಕ, ಅದು ಸತ್ತುಹೋಯ್ತು. ಇನ್ನು ಬರಲ್ಲ,” ಅಂದೆ. ಅಷ್ಟೇ ತೋಚಿದ್ದು. ಒಂದು ಒಳ್ಳೆ ಮಾತು ಹೇಳುತ್ತಾಳೆ ಅಂದುಕೊಂಡಿದ್ದೆನೋ ಏನೋ.

ಹಳೆಯ ಗಂಟಲಲ್ಲ. ತುಟಿ ಒಂದು ಕಡೆ ಏಳುವುದಿಲ್ಲ. ಒಂದೊಂದೇ ಪದ ಎತ್ತಿ ಇಟ್ಟ ಹಾಗೆ ಹೇಳಿದಳು.

“ಕರಡಿಗೆ... ನಾನು ಯಾರು ಅಂತ... ಗೊತ್ತಿರಲಿಲ್ಲ.”

ನರ್ಸ್ ಬಂದು ಹೆಸರು ಕೂಗಿದಳು. ಅಕ್ಕ ಎದ್ದು ಹೋದಳು.

ಏಪ್ರಿಲ್ ೧

ಅಕ್ಕ ಡಿಪೋ ಕ್ವಾರ್ಟರ್ಸಿಗೆ ಹೋದಳು. ಒಂದೇ ರೂಮು. ಟಿಕೆಟ್ ಕೌಂಟರಲ್ಲಿ ಕೂರುವ ಕೆಲಸ ಕೊಡುತ್ತಾರಂತೆ. ಟ್ರಂಕ್ ಎತ್ತಲು ಡ್ರೈವರ್ ಬಂದ. ನಾನು ಒಂದು ಕಡೆ ಹಿಡಿದೆ. “ನಾನೇ ತರ್ತೀನಿ” ಅಂದ, ಒರಟಾಗಿ ಅಲ್ಲ. ಅವನಿಗೆ ಹೇಳಿದ್ದಾಳಾ? ಮುಖ ನೋಡಿದರೆ ತಿಳಿಯುವುದಿಲ್ಲ.

ಹೆಂಡತಿ ಅವಳ ಕೈ ಹಿಡಿದು ಅತ್ತಳು. “ಯಾಕತ್ತಿಗೆ? ನಾವೇನು ತಪ್ಪು ಮಾಡಿದ್ವಿ?” ಅಕ್ಕ ಅವಳ ಕೆನ್ನೆ ಸವರಿದಳು. “ನೀನಲ್ಲ,” ಅಂದಳು.

ಹೆಂಡತಿ ಅದನ್ನು ಕೇಳಿಸಿಕೊಂಡಳು.

ಏಪ್ರಿಲ್ ೨, ಮಧ್ಯಾಹ್ನ ೨

ಗಾರ್ಡನ್ನು ಸಸ್ಪೆಂಡ್ ಮಾಡಿದ್ದಾರೆ. ತಪ್ಪು ಪೂರ್ತಿ ನನ್ನದು ಅಂತ ಬರೆದುಕೊಟ್ಟು ಬಂದೆ. ಅದು ಕಷ್ಟವಾಗಲಿಲ್ಲ. ಆಫೀಸಲ್ಲಿ ಕೂಡ ಒಬ್ಬ ಕೈ ಕುಲುಕಿದ. ‘ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ.’

ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು. “ಅತ್ತಿಗೆ ‘ನೀನಲ್ಲ’ ಅಂದ್ರು. ಮತ್ತೆ ಯಾರು?” ಸಾರು ಬಡಿಸಿಕೊಂಡೆ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಪಾತ್ರೆ ಜೋರಾಗಿ ತೊಳೆಯುತ್ತಿದ್ದಾಳೆ.

ಹೇಳಬೇಕು. ಈ ಪುಸ್ತಕ ಕೊಟ್ಟುಬಿಡೋಣ ಅನ್ನಿಸಿತು. ಅದು ಸುಲಭ. ಬೇಡ, ಬಾಯಲ್ಲೇ ಹೇಳಬೇಕು.

ಕರೆದೆ. “ಬಂದೆ” ಅಂದಳು. ನೀರು ನಿಂತಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬರುತ್ತಿದ್ದಾಳೆ. ಎದುರಿಗೆ ಕೂತಳು. ಏನು ಬರೀತಿದೀರಿ ಅಂತ ಕೇಳು—