ಕಬಾಬ್ ಎಣ್ಣೆಯ ಚೈನು

ಬಸವಕಲ್ಯಾಣ, ಸೋಮವಾರ

ಮುಷರಫ್ ಭಾಯಿಗೆ ತಂಗಿಯ ಸಲಾಂ.

ಬಕ್ರೀದಿಗೆ ಹುಮನಾಬಾದಿನಿಂದ ಬಂದವನು ನನ್ನ ಸೈಕಲ್ ಚೈನಿಗೆ ಕಬಾಬ್ ಕರಿದ ಎಣ್ಣೆ ಸುರಿದು ಹೋದೆಯಲ್ಲ! ಧೂಳು ಮೆತ್ತಿ ಚೈನು ಮೂರು ಸಲ ಕಳಚಿತು. ವಾಸನೆಗೆ ನಾಯಿಗಳು ಕೋಟೆಯವರೆಗೂ ಬೆನ್ನು ಹತ್ತಿದವು. ಕೆಲಸದ ಮೊದಲ ದಿನವೇ ತಡವಾಗಿ ಹೋಗಿ, ಮಸಿ ಕೈಯಲ್ಲಿ ಮಕ್ಕಳ ಹಾಜರಿ ಹಾಕಿದೆ.

"ಪಾಪ, ಅವಗೇನ್ ಗೊತ್ತಾಗ್ತದ, ಬಿಡು" ಅಂದಳು ಅಮ್ಮಿ. ಬಿಟ್ಟಿದ್ದೆ. ಇಂದು ಚೈನು ತೊಳೆಯಲು ಸೀಮೆಎಣ್ಣೆ ಹುಡುಕುವಾಗ, ನಿನ್ನ ಮೋಟರ್‌ಸೈಕಲ್ಲಿಗೆ ಆ ಬಕ್ರೀದಿನ ದಿನವೇ ನೀನು ಹಾಕಿದ ಚೈನ್ ಎಣ್ಣೆಯ ಡಬ್ಬಿ ಗೂಡಿನಲ್ಲಿ ಸಿಕ್ಕಿತು. "ಹೆಣ್ಮಕ್ಕಳಿಗೆ ನೌಕರಿ ಯಾಕ ಬೇಕು?" ಎಂದು ನೀನು ಊಟಕ್ಕೆ ಕೂತಾಗ ಅಂದದ್ದೂ ನೆನಪಾಯಿತು.

ಇನ್ನು ನನ್ನ ಸೈಕಲ್ ಮುಟ್ಟಬೇಡ. ಡಬ್ಬಿಯನ್ನೂ ಕೇಳಬೇಡ, ಉಳಿದ ಎಣ್ಣೆ ನಾನು ವರ್ಷವಿಡೀ ಶಾಲೆಗೆ ಹೋಗಿಬರಲು ಸಾಕು.

ಇಂತಿ,
ತಹಸೀನ್ ಟೀಚರ್